ಉಕ್ಕಬೇಕಾದ ಹಾಲು, ಆರಬಾರದ ಒಲೆ

ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವರು ಮತ್ತೆ ಹಿಂದಿರುಗಿ ಬಂದು ಬೀಗ ಜಗ್ಗಿ ನೋಡುತ್ತಾರಲ್ಲ, ಅಂಥವರನ್ನು ಕಂಡು ನಗುವವರು ಬಹಳ. ನಾನು ನಗುವುದಿಲ್ಲ. ಜಗ್ಗಿ ನೋಡಿದ ಮೇಲೂ ಮತ್ತೆ ನಾಲ್ಕು ಹೆಜ್ಜೆ ಹೋಗಿ, ‘ಈಗ ಜಗ್ಗಿದ ಹಾಗೆ ನೆನಪಿದೆಯಲ್ಲ, ಅದು ಇವತ್ತಿನದೋ ನಿನ್ನೆಯದೋ?’ ಎಂದು ಬೀದಿಯ ಮಧ್ಯೆ ನಿಂತುಬಿಡುವ ಪಂಗಡಕ್ಕೆ ಸೇರಿದವನು ನಾನು. ಇದು ಹುಟ್ಟುಗುಣವಲ್ಲ, ಓದಿ ಸಂಪಾದಿಸಿದ್ದು. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡುವಾಗ ನಮ್ಮ ಮೇಷ್ಟ್ರೊಬ್ಬರು, ನೆನಪು ಅನ್ನುವುದು ಸಾಕ್ಷಿಯಲ್ಲ, ಸಾಕ್ಷಿಯ ಬಗ್ಗೆ ಎದ್ದ ಗಾಳಿಸುದ್ದಿ ಅನ್ನುತ್ತಿದ್ದರು. ಅವರು ಹಾಗೆ ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿರುವುದರಿಂದಲೇ ಅವರು ಹಾಗೆ ಅಂದಿರಲಾರರೇನೋ ಎಂಬ ಗುಮಾನಿಯೂ ಇದೆ.

ಇಂಥವನು ಹೊಟ್ಟೆಪಾಡಿಗೆ ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ. ಮನೆ ಪಾಂಡವಪುರದಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಬೀಗವೊಂದೇ ಅನುಮಾನದ ವಸ್ತುವಾಗಿದ್ದ ಕಾಲದಲ್ಲಿ ಬದುಕು ಹೇಗೋ ನಡೆಯುತ್ತಿತ್ತು. ಬೀಗ ಹಾಕದಿದ್ದರೆ ಆಗುವುದಾದರೂ ಏನು? ನಮ್ಮ ಮನೆಗೆ ನುಗ್ಗಿದ ಕಳ್ಳ ನನ್ನ ಪುಸ್ತಕದ ಕಪಾಟು ತೆರೆದು ನೋಡಿ, ಪಾಪ, ಮುಚ್ಚಿಟ್ಟು ಹೋಗುತ್ತಿದ್ದ. ಆದರೆ ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಗೆ ಗ್ಯಾಸು ಬರುವುದೆಂದು ಆಯಿತು. ಮರೆತರೆ ಮನೆಯನ್ನೇ ಮೇಲಕ್ಕೆ ಹಾರಿಸಬಲ್ಲ ವಸ್ತುವೊಂದನ್ನು ತನ್ನ ನೆನಪನ್ನು ತಾನೇ ನಂಬದವನ ಅಡುಗೆಮನೆಯಲ್ಲಿ ತಂದಿಡುವುದು ಎಷ್ಟು ಸರಿ ಎಂದು ನಾನು ಹೆಂಡತಿಯನ್ನು ಕೇಳಿದೆ. ಜಯಶೀಲಾ ಶ್ರೀರಂಗಪಟ್ಟಣದ ಶಾಲೆಯೊಂದರಲ್ಲಿ ಮೇಡಂ. ಮಕ್ಕಳಿಗೆ ಉತ್ತರ ಕೊಡುವಷ್ಟೇ ಚುಟುಕಾಗಿ ನನಗೂ ಕೊಡುತ್ತಾಳೆ. “ನಿಮಗೋಸ್ಕರ ಅಲ್ಲ, ಅತ್ತೆಗೋಸ್ಕರ,” ಅಂದಳು.

ಅವ್ವನ ಉಬ್ಬಸ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಬೆಳಗಾಗುವ ಮುಂಚೆ ಅವಳು ನೆಲದೊಲೆಯ ಮುಂದೆ ಕೂತು, ಕಬ್ಬಿನ ಒಣ ಎಲೆಯ ರವುದಿಯನ್ನೂ ತೆಂಗಿನ ಗರಿಯನ್ನೂ ತುರುಕಿ, ಊದುಗೊಳವೆಯಿಂದ ಊದಿ ಊದಿ, ಮನೆ ತುಂಬ ಹೊಗೆ ಎಬ್ಬಿಸಿ, ಆ ಹೊಗೆಯ ಒಳಗಿನಿಂದ ಕೆಮ್ಮುತ್ತಿದ್ದಳು. ನನಗೆ ಅಲಾರಂ ಗಡಿಯಾರದ ಅಗತ್ಯವೇ ಬಿದ್ದಿರಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗುವ ಏರುಬೀದಿಯಲ್ಲಿ ಅವ್ವ ಹತ್ತು ಮಾರು ನಡೆದರೆ ಯಾರದಾದರೂ ಜಗಲಿಯ ಮೇಲೆ ಕೂತು ಉಸಿರು ಇಳಿಸಿಕೊಳ್ಳಬೇಕಿತ್ತು. ಆಮೇಲಾಮೇಲೆ ಆ ಬೀದಿ ಹತ್ತುವುದನ್ನೇ ಬಿಟ್ಟಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಅಜ್ಜಿ, ಮಾತ್ರೆ ನುಂಗ್ತಾ ಹೊಗೆಯನ್ನೂ ನುಂಗಿದ್ರೆ ನಾನೇನ್ ಮಾಡ್ಲಿ? ಈ ಚಳಿಗಾಲದ ಒಳಗೆ ಒಲೆ ಬದಲಾಯಿಸ್ಲಿಲ್ಲ ಅಂದ್ರೆ ಕಷ್ಟ ಇದೆ,” ಅಂದಿದ್ದರು. ಹೊರಗೆ ಬಂದ ಮೇಲೆ ಅವ್ವ, “ಆ ಐದನ್ಗೇನ್ ಗೊತ್ತು? ಒಗೆ ಇಲ್ದೆ ಸಾರ್‌ಗೆ ರುಚಿ ಎಲ್ಲಿಂದ ಬಂದಾದು?” ಅಂದಳು. ಅಷ್ಟು ಹೇಳುವುದಕ್ಕೆ ನಡುವೆ ಎರಡು ಕಡೆ ಕೆಮ್ಮಿದಳು.

ಅಂತೂ ಜಯಶೀಲಾ ದಿನಾ ಒಂದಿಷ್ಟು ಮಾತಾಡಿ ಅವಳನ್ನು ಒಪ್ಪಿಸಿದಳು. ಆದರೆ ಅವ್ವ ಒಪ್ಪಿದ್ದು ಒಂದು ಷರತ್ತಿನ ಮೇಲೆ. “ಒಸ ಒಲೆ ಅಂದ್ಮೇಲೆ ಅದರ ಮ್ಯಾಲೆ ಮೊದ್ಲು ಆಲು ಉಕ್ಬೇಕು. ಉಕ್ಕಿ ಮೂಡ್ಲ ಕಡೀಗೆ ಸುರೀಬೇಕು. ಆಲು ಬಿದ್ದು ಒಲೆ ಆರೋಗ್ಬಾರ್ದು. ಆರೋಯ್ತೋ, ಆ ಡಬ್ಬ ತಂದೋರ ಮನೆಗೇ ಕಳಿಸ್ಬುಡು. ನಾನು ನನ್ನ ಒಲೆ ಮುಂದೇನೇ ಇರ್ತೀನಿ, ಅದೇನಾಯ್ತದೋ ಆಗ್ಲಿ.”

ಕೇಳುವವರಿಗೆ ಇದರಲ್ಲಿ ಅಂಥ ತೊಡಕೇನೂ ಕಾಣುವುದಿಲ್ಲ. ಗೃಹಪ್ರವೇಶದಲ್ಲಿ ಎಲ್ಲರೂ ಉಕ್ಕಿಸುತ್ತಾರೆ. ಸೌದೆ ಒಲೆಯಲ್ಲಿ ಹಾಲು ಉಕ್ಕಿ ಸುರಿದರೆ ಬೆಂಕಿ ಚುಂಯ್ ಅಂದು ಒಂದಿಷ್ಟು ಮುನಿಸಿಕೊಂಡು ಮತ್ತೆ ಉರಿಯುತ್ತದೆ. ಗ್ಯಾಸಿನೊಲೆ ಹಾಗಲ್ಲ. ಹಾಲು ಬಿದ್ದರೆ ಜ್ವಾಲೆ ಆರಿಹೋಗುತ್ತದೆ, ಗ್ಯಾಸು ಮಾತ್ರ ಬರುತ್ತಲೇ ಇರುತ್ತದೆ. ಅದು ಗಾಳಿಗಿಂತ ಭಾರವಾದದ್ದರಿಂದ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ ಕೂರುತ್ತದೆ. ನೆಲದ ಮೇಲೆ ಯಾರಿರುತ್ತಾರೆ? ಅವ್ವ. ಶ್ರೀರಂಗಪಟ್ಟಣದಲ್ಲಿ ಗ್ಯಾಸಿನ ಅಂಗಡಿಯವರು ನಮಗೆ ಬುದ್ಧಿ ಹೇಳುವಾಗ ಎಲ್ಲಕ್ಕಿಂತ ಮೊದಲು ಹೇಳಿದ್ದೇ “ಹಾಲು ಉಕ್ಕೋಕೆ ಬಿಡಬೇಡಿ ಸಾರ್” ಎಂದು. ಉಕ್ಕಲೇಬೇಕು ಎನ್ನುವುದು ಒಂದು ವಾಕ್ಯ, ಉಕ್ಕಲೇಕೂಡದು ಎನ್ನುವುದು ಇನ್ನೊಂದು. ಇವೆರಡೂ ಒಟ್ಟಿಗೆ ನಿಜವಾಗಲಾರವು ಎಂದು ನಾನು ಎಷ್ಟೋ ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೆ. ಈಗ ಎರಡನ್ನೂ ಒಟ್ಟಿಗೆ ಒಲೆಯ ಮೇಲಿಡುವ ಪ್ರಸಂಗ ಬಂತು.

“ಅವ್ವಾ, ಹಾಲು ಉಕ್ಕಿದ ತಕ್ಷಣ ನಾನೇ ಒಲೆ ಆರಿಸಿದ್ರೆ?” ಎಂದು ಕೇಳಿದೆ. ಅವ್ವ ಅಗಿಯುತ್ತಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡಳು. “ಆಲು ಆರಿಸಿದ್ರೆ ಅಪಶಕುನ. ಮನೆಯವ್ರು ಆರಿಸಿದ್ರೆ ಕೆಲ್ಸ ಮುಗೀತು ಅಂತ. ನೀನು ಆರಿಸ್ಕ. ಆದ್ರೆ ಉಕ್ಕಿದ್ಮ್ಯಾಲೆ, ಮುಂಚೆ ಅಲ್ಲ.” ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ನನ್ನ ವಿದ್ಯಾರ್ಥಿಗಳು ಯಾರೂ ಈವರೆಗೆ ಬರೆದಿಲ್ಲ. ನನಗೆ ಸಂತೋಷವೇನೋ ಆಯಿತು. ಆದರೆ ಹಾಲು ಪಾತ್ರೆಯ ಅಂಚು ದಾಟುವುದಕ್ಕೂ ಕೆಳಗಿನ ಜ್ವಾಲೆ ಮುಟ್ಟುವುದಕ್ಕೂ ನಡುವೆ ಇರುವ ಆ ಕಣ್ಣುರೆಪ್ಪೆಯಷ್ಟು ಹೊತ್ತಿನಲ್ಲಿ ಒಲೆಯ ನಾಬು ತಿರುಗಿಸಬೇಕಾದವನು ನಾನು. ತಪ್ಪಿದರೆ ಅವ್ವ ಮತ್ತೆ ಹೊಗೆಗೆ.

ಹಾಲು ಉಕ್ಕಿಸಲು ಶುಕ್ರವಾರ ಗೊತ್ತು ಮಾಡಿದೆವು. ಹಿಂದಿನ ದಿನವೇ ನಾಗಮಂಗಲದಿಂದ ಅವ್ವನ ತಮ್ಮ ಪುಟ್ಟಸ್ವಾಮಿ ಮಾವ ಬಂದಿಳಿದ. ಮಾವ ಯಾವ ಮನೆಯ ಶುಭಕಾರ್ಯಕ್ಕೂ ತಪ್ಪಿಸಿಕೊಳ್ಳುವವನಲ್ಲ. ಹೋದ ಕಡೆಯೆಲ್ಲ ಏನು ಕೆಡಬಹುದು ಎಂಬುದನ್ನು ಮುಂಚಿತವಾಗಿ ಹೇಳಿ ಉಪಕಾರ ಮಾಡುವವನು. ಬಂದವನೇ ಅಡುಗೆಮನೆಯಲ್ಲಿ ನಾವು ಹೊಸದಾಗಿ ಕೂರಿಸಿದ್ದ ಕಡಪಾ ಕಲ್ಲಿನ ಕಟ್ಟೆಯನ್ನು ತಟ್ಟಿ ನೋಡಿ, “ಅಲ್ಲ ಕಣ್ಲಾ, ಓದ್ದೋನು ನೀನು. ಬಾಂಬ್ ತಂದು ಹೆತ್ತವ್ವನ ತೊಡೆ ಪಕ್ಕ ಇಡ್ತೀಯಲ್ಲ?” ಅಂದ.

“ಬಾಂಬಲ್ಲ ಮಾವ, ಸಿಲಿಂಡರು.”

“ಎರಡೂ ಕಬ್ಬಿಣ್ದಾಗೇ ಮಾಡದು ಬುಡು.”

ಬೆಳಿಗ್ಗೆ ನಜೀರ್ ಗೂಡ್ಸ್ ಆಟೋದಲ್ಲಿ ಸಿಲಿಂಡರ್ ತಂದ. ಊರೂರಿಗೆ ಸಿಲಿಂಡರ್ ಮುಟ್ಟಿಸುವ ಅವನಿಗೆ ಪಾಂಡವಪುರದ ಎಲ್ಲ ಅಡುಗೆಮನೆಗಳ ಪರಿಚಯವೂ ಇತ್ತು, ಎಲ್ಲಿಯೂ ಎರಡು ನಿಮಿಷ ನಿಲ್ಲುವ ಪುರಸೊತ್ತು ಇರಲಿಲ್ಲ. ಸಿಲಿಂಡರನ್ನು ಮಗುವಿನ ಹಾಗೆ ಹೆಗಲ ಮೇಲಿಂದ ಇಳಿಸಿ ಕಟ್ಟೆಯ ಕೆಳಗೆ ನೆಟ್ಟಗೆ ನಿಲ್ಲಿಸಿದ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ರೆಗ್ಯುಲೇಟರ್ ಒತ್ತಿ ತೋರಿಸಿ, ಮತ್ತೆ ಬಿಚ್ಚಿ ನನ್ನ ಕೈಗಿಟ್ಟು, “ಟಕ್ ಅಂದ್ರೆ ಕೂತ್ಕಂತು ಸಾಬ್. ಟಕ್ ಅನ್ಲಿಲ್ಲ ಅಂದ್ರೆ ಕೂತ್ಕಳ್ಳಿಲ್ಲ. ಬಿಲ್ಕುಲ್ ಫಿಕರ್ ನಕ್ಕೋ, ಏನೂ ಯೋಚ್ನೆ ಬ್ಯಾಡಿ,” ಅಂದ. “ಇನ್ನೊಂದ್ಸಲ ತೋರಿಸಪ್ಪ,” ಅಂದೆ. “ಆಟೋದಾಗೆ ಇನ್ನೂ ಐತೆ ಸಾಬ್, ಚಿನಕುರಳಿಯಾಗೆ ಕಾಯ್ತಾವ್ರೆ, ಅವ್ರ ಮನೇಲೂ ಹಾಲೇ ಉಕ್ಕಿಸ್ಬೇಕಂತೆ,” ಎಂದು ನಗುತ್ತ ಆಟೋ ಎಬ್ಬಿಸಿಕೊಂಡು ಹೋದ.

ಉಳಿದವರು ನಾವು, ನಮ್ಮ ಜೊತೆಗೆ ಅದು. ಮೊದಲು ಅವ್ವನ ನೆಲದೊಲೆಯ ಕೆಂಡಕ್ಕೆ ನೀರು ಹಾಕಬೇಕಿತ್ತು. ಗ್ಯಾಸು ಜೋಡಿಸುವಾಗ ಮನೆಯಲ್ಲಿ ಎಲ್ಲೂ ಬೆಂಕಿ ಇರಬಾರದು. ಅವ್ವನಿಗೆ ಆ ಒಲೆಯಿಂದಲೇ ಕೆಂಡ ತಂದು ಹೊಸ ಒಲೆ ಹಚ್ಚುವ ಆಸೆ. ಜಯಶೀಲಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, “ಹಳೇ ಒಲೆ ಇವತ್ತು ಮಲಗಲಿ ಅತ್ತೆ, ನಾಳೆ ಅದರಲ್ಲೇ ಸ್ನಾನದ ನೀರು ಕಾಯಿಸೋಣ, ಹಿತ್ತಲಿಗೆ ಹಾಕ್ತೀವಿ,” ಎಂದು ರಮಿಸಿದಳು. ಅವ್ವ ಹಿತ್ತಲು ಎಂಬ ಮಾತಿಗೆ ಒಪ್ಪಿದಳು. ಆಮೇಲೆ ಸಿಲಿಂಡರಿಗೆ ಅರಿಶಿನ ಕುಂಕುಮ. ಅವ್ವ ಬೆರಳಲ್ಲಿ ಕುಂಕುಮ ತೆಗೆದು ನೇರವಾಗಿ ವಾಲ್ವಿನ ತೂತಿಗೇ ಇಡಲು ಹೋದಳು. “ಬಾಯಿಗೆ ಬೇಡ ಅತ್ತೆ, ಹೊಟ್ಟೆಗಿಡಿ!” ಎಂದು ಜಯಶೀಲಾ ಕೈ ಹಿಡಿದಳು. ಹೊಟ್ಟೆಗೆ ಇಟ್ಟದ್ದಾಯಿತು. ದೀಪ ದೇವರ ಮನೆಯಲ್ಲೇ ಇರಲಿ, ಅದನ್ನೂ ಕೆಲಸ ಮುಗಿದ ಮೇಲೆ ಹಚ್ಚೋಣ ಎಂಬ ಒಪ್ಪಂದವೂ ಆಯಿತು.

ನಾನು ಕಿಟಕಿ ಬಾಗಿಲು ತೆರೆದೆ. ಒಲೆಯ ಎರಡು ನಾಬೂ ಮುಚ್ಚಿವೆಯೇ ನೋಡಿದೆ. ವಾಲ್ವಿನೊಳಗೆ ರಬ್ಬರಿನ ಸಣ್ಣ ಉಂಗುರ ಇದೆಯೇ ಎಂದು ಬಗ್ಗಿ ನೋಡಿದೆ. ಎದ್ದ ಮೇಲೆ, ನೋಡಿದ್ದು ಉಂಗುರವನ್ನೋ ಅದರ ನೆರಳನ್ನೋ ಎಂದು ಅನುಮಾನವಾಗಿ ಮತ್ತೆ ಬಗ್ಗಿದೆ. ರಬ್ಬರ್ ಕೊಳವೆಯ ಒಂದು ತುದಿಯನ್ನು ಒಲೆಗೂ ಇನ್ನೊಂದನ್ನು ರೆಗ್ಯುಲೇಟರಿಗೂ ಒಳಗಿನವರೆಗೆ ತುರುಕಿ, ಕ್ಲಿಪ್ಪು ಬಿಗಿದೆ. ರೆಗ್ಯುಲೇಟರಿನ ಗುಬುಟು ಮುಚ್ಚಿದ ಕಡೆಗೇ ಇದೆ ಎಂದು ಖಾತ್ರಿ ಮಾಡಿಕೊಂಡು, ಅದನ್ನು ವಾಲ್ವಿನ ಮೇಲಿಟ್ಟು ಒತ್ತಿದೆ.

“ಟಕ್ ಅಂತಾ?” ಎಂದು ಕೇಳಿದೆ.

“ಅಂತು. ನಾನು ಕೇಳಿಸ್ಕೊಂಡೆ,” ಅಂದಳು ಜಯಶೀಲಾ.

“ನನಗೆ ಕೇಳಿಸಿದ ಹಾಗಾಯ್ತು. ಆದ್ರೆ ಅದು ನಜೀರ್ ಒತ್ತಿದಾಗಿನ ಟಕ್ಕು ಕಿವಿಯಲ್ಲಿ ಉಳಿದುಕೊಂಡಿದ್ದು ಇರಬಹುದು.”

“ಹಾಗಾದ್ರೆ ಎಳೆದು ನೋಡಿ. ಕಿವಿಗಿಂತ ಕೈ ವಾಸಿ.”

ಎಳೆದೆ. ಬರಲಿಲ್ಲ. ಅಷ್ಟರಲ್ಲಿ ಪುಟ್ಟಸ್ವಾಮಿ ಮಾವ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, “ಸೋರ್ತದಾ ಅಂತ ನೋಡ್ಬೇಕಾ? ಒಂದ್ ಕಡ್ಡಿ ಗೀರಿ ಪೈಪಿನ ಉದ್ದಕ್ಕೂ ಆಡಿಸ್ಬುಡು. ಸೋರ್ತಿದ್ರೆ ಅಲ್ಲೇ ಗೊತ್ತಾಯ್ತದೆ,” ಅಂದ.

“ಗೊತ್ತಾಗುತ್ತೆ ಮಾವ, ಗೊತ್ತು ಮಾಡ್ಕೊಂಡು ಹೇಳೋಕೆ ಯಾರೂ ಇರಲ್ಲ,” ಎಂದು ಜಯಶೀಲಾ ಪೊಟ್ಟಣ ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡಳು. ಸೋರಿಕೆ ನೋಡುವುದು ಸೋಪಿನ ನೀರಿನಿಂದ. ಆ ಕೆಲಸ ನನ್ನದಾಗಿತ್ತು. ಎಷ್ಟು ನೊರೆ ಬಂದರೆ ಅಷ್ಟು ಕ್ಷೇಮ ಎಂದುಕೊಂಡು ಬಟ್ಟೆ ಸೋಪನ್ನು ಚೆನ್ನಾಗಿ ಕದಡಿ, ವಾಲ್ವಿಗೂ ಕೊಳವೆಯ ಎರಡು ತುದಿಗೂ ಮೆತ್ತಿ, ರೆಗ್ಯುಲೇಟರ್ ತಿರುಗಿಸಿದೆ. ನೋಡಿದರೆ ಎಲ್ಲೆಲ್ಲೂ ಗುಳ್ಳೆ! “ಸೋರ್ತಾ ಇದೆ! ಎಲ್ಲಾ ಕಡೆ ಸೋರ್ತಾ ಇದೆ!” ಎಂದು ಕೂಗಿ ರೆಗ್ಯುಲೇಟರ್ ಮುಚ್ಚಿದೆ. ಮಾವ ಆಗಲೇ ಬೀದಿಯಲ್ಲಿದ್ದ. ಅವ್ವ ಮಾತ್ರ ಕೂತಲ್ಲೇ ಕೂತು, “ಸೋಪ್ ಕಲಸಿದ್ರೆ ನೊರೆ ಬರ್ದೆ ಇನ್ನೇನ್ಲಾ ಬಂದಾದು?” ಅಂದಳು. ಜಯಶೀಲಾ ನೊರೆಯನ್ನೆಲ್ಲ ಒರೆಸಿ, ಬರೀ ಸೋಪು ನೀರನ್ನು ಬೆರಳಲ್ಲಿ ಹಚ್ಚಿ, ಮತ್ತೆ ರೆಗ್ಯುಲೇಟರ್ ತಿರುಗಿಸಿದಳು. “ಇರೋ ಗುಳ್ಳೆ ಅಲ್ಲ, ಹೊಸದಾಗಿ ಹುಟ್ಟಿ ಬೆಳೆಯೋ ಗುಳ್ಳೆ ನೋಡಿ.” ನಾವು ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಒಲೆಯ ಕಡೆಯ ತುದಿಯಲ್ಲಿ ಒಂದು ಗುಳ್ಳೆ ನಿಧಾನವಾಗಿ ಬೆಳೆದು ಕಡಲೆಯಷ್ಟಾಗಿ ಒಡೆಯಿತು. ನಾನು ಬಿಗಿದಿದ್ದ ಕ್ಲಿಪ್ಪು ಸಡಿಲವಿತ್ತು. ಗ್ಯಾಸು ಮುಚ್ಚಿ, ಕೊಳವೆಯನ್ನು ಇನ್ನೂ ಒಳಕ್ಕೆ ತಳ್ಳಿ, ಕ್ಲಿಪ್ಪು ಬಿಗಿದು, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು ಮತ್ತೆ ನೋಡಿದೆವು. ಗುಳ್ಳೆ ಹುಟ್ಟಲಿಲ್ಲ. ಅನುಮಾನಕ್ಕೂ ಒಂದೊಂದು ಸಲ ಫಲ ಸಿಗುತ್ತದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಕ್ಲಿಪ್ಪು ಸಡಿಲ ಬಿಟ್ಟವನೂ ನಾನೇ ಎಂಬುದನ್ನು ಜಯಶೀಲಾ ಎತ್ತಲಿಲ್ಲ. ಅದು ಅವಳ ದೊಡ್ಡಗುಣ.

ಮಾವ ಬೀದಿಯಿಂದ ಒಳಗೆ ಬಂದು, “ಏನೂ ಆಗ್ಲಿಲ್ವಾ?” ಎಂದು ತುಸು ನಿರಾಸೆಯಿಂದಲೇ ಕೇಳಿದ.

ಈಗ ಹಾಲು. ಸಣ್ಣ ಬರ್ನರಿನ ಮೇಲೆ ಅಗಲ ತಳದ ಪಾತ್ರೆ, ಅದರ ತುಂಬ ಹಾಲು. ಜಯಶೀಲಾ ಪಾತ್ರೆಯನ್ನು ಪೂರ್ವಕ್ಕೆ ಎಳ್ಳಷ್ಟು ವಾಲಿಸಿ ಇಟ್ಟಳು. ಹಾಲು ಆ ಕಡೆಯೇ ಇಳಿದು ಜ್ವಾಲೆಯಿಂದ ದೂರ ಬೀಳಲಿ ಎಂದು. ಜಯಶೀಲಾ ಕೊಟ್ಟ ಕಡ್ಡಿ ಮೊದಲು ಗೀರಿ, ಆಮೇಲೆ ನಾಬು ತಿರುಗಿಸಿದೆ. ನೀಲಿ ಜ್ವಾಲೆ ಸುಂಯ್ ಎಂದು ಸುತ್ತ ಅರಳಿತು. ಅವ್ವ ಕೈ ಮುಗಿದಳು. ಹೊಗೆ ಎಲ್ಲಿಂದ ಬರುತ್ತದೋ ಎಂದು ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಇದ್ದಳು. ನಾನು ನಾಬಿನ ಮೇಲೆ ಕೈಯಿಟ್ಟು, ಹಾಲಿನ ಮೇಲೆ ಕಣ್ಣಿಟ್ಟು ನಿಂತೆ.

ಹಾಲು ಅಂಚಿನಲ್ಲಿ ಮಣಿಮಣಿಯಾಗಿ ಕೆನೆ ಎತ್ತಿತು. ಏರಿತು. ಗಕ್ಕನೆ ನಾಬು ತಿರುಗಿಸಿದೆ. ಹಾಲು ಒಂದು ಉಸಿರು ಬಿಟ್ಟು ಕೆಳಗಿಳಿಯಿತು.

“ಉಕ್ಲಿಲ್ಲ ಕಣಕ್ಕ,” ಅಂದ ಮಾವ.

ಮತ್ತೆ ಹಚ್ಚಿದೆ. ಮತ್ತೆ ಏರಿತು. ಈ ಸಲ ತಡೆದು ನೋಡೋಣ ಎಂದು ಹಲ್ಲು ಕಚ್ಚಿದೆ. ಅಂಚು ಮುಟ್ಟಿತು ಎನ್ನುವಾಗ ಕೈ ತಾನಾಗಿಯೇ ತಿರುಗಿಬಿಟ್ಟಿತು. ಹಾಲು ಮತ್ತೆ ಪಾತಾಳಕ್ಕೆ.

“ಏನ್ಲಾ, ಆಲನ್ನ ಮ್ಯಾಲಕ್ಕೆ ಕರ್ದು ಕರ್ದು ಬಾಗ್ಲಾಕ್ತೀಯಲ್ಲ?” ಅಂದ ಮಾವ. “ಬುಡಕ್ಕ, ಇದು ಈ ಮನೇಗೆ ಆಗಿಬರಲ್ಲ. ವಾಪಸ್ ಕಳಿಸ್ಬುಡು.”

ಆ ಮಾತಿಗೆ ಅವ್ವ ಹಿತ್ತಲ ಬಾಗಿಲ ಕಡೆ ನೋಡಿದಳು. ಅಲ್ಲಿ ರವುದಿಯ ಹೊರೆ ಒರಗಿಸಿತ್ತು. ಚಳಿಗಾಲದ ಒಳಗೆ ಎಂದು ಡಾಕ್ಟರು ಹೇಳಿದ್ದು ಮಾತ್ರ ಆ ಗಳಿಗೆಯಲ್ಲಿ ನನಗೆ ಅನುಮಾನವೇ ಇಲ್ಲದಷ್ಟು ಸ್ಪಷ್ಟವಾಗಿ ನೆನಪಿತ್ತು. “ಇನ್ನೊಂದ್ಸಲ ಅವ್ವಾ, ಇನ್ನೊಂದೇ ಸಲ,” ಅಂದೆ. ಅವ್ವ ನನ್ನ ಮುಖವನ್ನೇ ನೋಡಿದಳು. ನೆಲಕ್ಕೆ ಕೈಯೂರಿ, ಕೆಮ್ಮುತ್ತ, ಎದ್ದು ಬಂದಳು.

“ಸರ್ಕಳ್ಲಾ ಆ ಕಡೆ. ಮದುವೆಯಾಗಿ ಬಂದಾಗಿಂದ ಆಲು ಕಾಯಿಸ್ತಾ ಇವ್ನಿ. ಅದು ಯಾವಾಗ ಬಂದದು ಅಂತ ಪುಸ್ತಕ ಓದಿದ್ರೆ ಗೊತ್ತಾದದಾ? ಯಾವ ಕಡೀಗೆ ತಿರುವೋದು ಇದ್ನ?”

ಈವರೆಗೆ ತಿರುಗಿಸುತ್ತಲೇ ಇದ್ದ ನಾನು, ಬಲಕ್ಕೋ ಎಡಕ್ಕೋ ಎಂದು ಬರಿಗೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿಕೊಂಡೆ. ಜಯಶೀಲಾ ಅವ್ವನ ಕೈ ಹಿಡಿದು ಆರಿಸಲು ತಿರುಗಿಸುವ ಕಡೆ ತೋರಿಸಿ, ಕಡ್ಡಿ ಗೀರಿ ಒಲೆ ಹಚ್ಚಿದಳು. ಗ್ಯಾಸನ್ನು ಮುಟ್ಟುವುದಿಲ್ಲ, ನೀವೇ ಮಾಡಿ ನೀವೇ ಬಡಿಸಿ ಎನ್ನುತ್ತಿದ್ದ ಅವ್ವ, ನಾಬಿನ ಮೇಲೆ ಮೂರು ಬೆರಳಿಟ್ಟು, ಹಾಲಿನ ಮೇಲೆ ಬಗ್ಗಿದಳು. ನೋಡುವುದಕ್ಕಿಂತ ಹೆಚ್ಚಾಗಿ ಅವಳು ಕೇಳಿಸಿಕೊಳ್ಳುತ್ತಿದ್ದಳು. ಹಾಲು ಏರಿತು. ಅಂಚಿನ ಮೇಲೆ ಗುಮ್ಮಟದ ಹಾಗೆ ನಿಂತಿತು. ನಾನು “ಅವ್ವಾ!” ಅಂದೆ. “ಇರ್ಲಾ,” ಅಂದಳು. ಗುಮ್ಮಟ ಒಡೆದು ಒಂದು ಬಿಳಿ ಎಳೆ ಪೂರ್ವದ ಕಡೆಯಿಂದ ಜಾರಿತು. ಪಾತ್ರೆಯ ಅರ್ಧಕ್ಕೆ ಇಳಿಯುವಷ್ಟರಲ್ಲಿ ಅವ್ವನ ಬೆರಳು ತಿರುಗಿತ್ತು. ಜ್ವಾಲೆ ಹೋದ ಮೇಲೆ ಹಾಲು ನಿಧಾನವಾಗಿ ಒಲೆಯ ತಟ್ಟೆಗೆ ತಲುಪಿತು.

“ಆರೋಯ್ತಲ್ಲಕ್ಕ?” ಎಂದ ಮಾವ.

“ಆರ್ಲಿಲ್ಲ ಕಣ್ಲಾ, ನಾನು ಆರಿಸ್ದೆ,” ಅಂದಳು ಅವ್ವ. ಆಮೇಲೆ ಸೊಸೆಯ ಕಡೆ ಕೈ ಚಾಚಿ, “ಒರೆಸ್ಬುಟ್ಟು ಕಡ್ಡಿ ಪೆಟ್ಗೆ ಕೊಡವ್ವ, ಬೆಲ್ಲ ಹಾಕಿ ಒಂದು ಕುದಿ ಬರಿಸ್ತೀನಿ,” ಅಂದಳು. ಮೂಗಿನ ಮೇಲಿನ ಸೆರಗು ಯಾವಾಗ ಜಾರಿತ್ತೋ ಅವಳಿಗೆ ಗೊತ್ತಿರಲಿಲ್ಲ. ಮಾವ ಆ ಹಾಲನ್ನು ಎಲ್ಲರಿಗಿಂತ ಒಂದು ಲೋಟ ಹೆಚ್ಚು ಕುಡಿದು, ಹೊಗೆವಾಸನೆ ಇಲ್ಲದೆ ಸಪ್ಪೆ ಎಂದು ತೀರ್ಪು ಕೊಟ್ಟು ನಾಗಮಂಗಲದ ಬಸ್ಸು ಹತ್ತಿದ.

ಅಂದಿನಿಂದ ಒಲೆ ಅವ್ವನದು, ಅನುಮಾನ ನನ್ನದು. ಬಸ್ಸು ಪಾಂಡವಪುರ ಬಿಟ್ಟು ಸ್ವಲ್ಪ ದೂರ ಹೋದರೆ ಸಾಕು, ರೆಗ್ಯುಲೇಟರ್ ಮುಚ್ಚಿದ್ದನ್ನು ನೋಡಿದೆನೇ ಎಂಬ ಹುಳ ಕೊರೆಯುತ್ತಿತ್ತು. ಚಿನಕುರಳಿಯಲ್ಲಿ ಇಳಿದು ಎದುರಿನ ಬಸ್ಸು ಹಿಡಿದು ವಾಪಸಾಗುತ್ತಿದ್ದೆ. ಕಂಡಕ್ಟರ್ ಚಿನಕುರಳಿ ಬಂತೆಂದರೆ ವಿಸಲ್ ಬಾಯಿಗಿಟ್ಟುಕೊಂಡು, “ಇವತ್ತೇನ್ ಮೇಷ್ಟ್ರೇ, ಬೀಗಾನಾ ಗ್ಯಾಸಾ?” ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದ. ಮನೆಗೆ ಬಂದು ನೋಡಿದರೆ ರೆಗ್ಯುಲೇಟರ್ ಮುಚ್ಚಿಯೇ ಇರುತ್ತಿತ್ತು. ಅವ್ವ ತಲೆ ಎತ್ತದೆ ಅವರೆಕಾಯಿ ಸುಲಿಯುತ್ತ, “ಮುಚ್ಚಿವ್ನಿ, ಓಗು,” ಅನ್ನುತ್ತಿದ್ದಳು.

ದೀಪಾವಳಿ ಕಳೆಯಿತು. ಚಳಿ ಬಂತು. ಬೆಳಗಿನ ಹೊತ್ತು ನಾನು ಏಳುವುದು ತಡವಾಗತೊಡಗಿತು. ಕಾರಣ ತಿಳಿಯಲು ಕೆಲವು ದಿನ ಬೇಕಾಯಿತು. ಎಬ್ಬಿಸುವ ಕೆಮ್ಮು ಇರಲಿಲ್ಲ.

ಹಾಗೆ ತಡವಾಗಿ ಎದ್ದು ಓಡಿ ಬಂದ ಒಂದು ದಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬಸ್ಸು ಬಂದು ನಿಂತಿತು. ಅವಸರದಲ್ಲಿ ರೆಗ್ಯುಲೇಟರ್ ನೋಡಿರಲೇ ಇಲ್ಲ ಎನಿಸಿ, ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ತಿರುಗಿ ನೋಡಿದರೆ ಏರುಬೀದಿಯಲ್ಲಿ ಅವ್ವ ಬರುತ್ತಿದ್ದಾಳೆ. ಹಣೆಗೆ ಕೈ ಅಡ್ಡ ಹಿಡಿದು, ಬಿರಬಿರನೆ, ಒಂದು ಜಗಲಿಯ ಮೇಲೂ ಕೂರದೆ, ನೆಟ್ಟಗೆ ಹತ್ತಿಕೊಂಡು ಬರುತ್ತಿದ್ದಾಳೆ.

“ನೀನು ವಾಪಸ್ ಬಂದೇ ಬತ್ತೀಯ ಅಂತ ಗೊತ್ತಿತ್ತು ಕಣ್ಲಾ. ಮುಚ್ಚಿವ್ನಿ. ಬೀಗಾನೂ ಆಕಿವ್ನಿ, ನೋಡು,” ಎಂದು ಸೆರಗಿನ ತುದಿಗೆ ಕಟ್ಟಿದ್ದ ಕೀಲಿಕೈ ತೋರಿಸಿದಳು. “ಅತ್ತು ಬಸ್ಸ.”

“ಅವ್ವಾ, ಇಷ್ಟು ಏರು ಹತ್ತಿ ಬಂದ್ಯಲ್ಲ, ಉಬ್ಬಸ ಬರಲಿಲ್ವಾ?”

“ನಂಗ್ಯಾವತ್ತ್ಲಾ ಉಬ್ಸ ಇತ್ತು?”

“ಒಲೆ ಮುಂದೆ ದಿನಾ ಕೆಮ್ತಿದ್ಯಲ್ಲವ್ವ!”

“ಯಾರಿಗ್ ಬರಕಿಲ್ಲ ಕೆಮ್ಮು? ನೋಡಪ್ಪ,” ಎಂದು ಅವ್ವ ಕಂಡಕ್ಟರನ ಕಡೆ ತಿರುಗಿದಳು. “ಗ್ಯಾಸು ತತ್ತೀವಿ ಅಂದ್ರೆ ಬ್ಯಾಡ ಬ್ಯಾಡ ಅಂತ ಹಠ ಹಿಡ್ದೋನು ಇವ್ನೇ. ನಾನೇ ಧೈರ್ಯ ಹೇಳಿ ಹಚ್ಚಿಸ್ದೆ.”

ಕಂಡಕ್ಟರ್ ನನ್ನನ್ನೊಮ್ಮೆ ನೋಡಿ ಅವ್ವನ ಮಾತನ್ನು ಪೂರ್ತಿ ನಂಬಿದ. ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದೆ. ಅವ್ವ ಬೀದಿ ಇಳಿಯುತ್ತಿದ್ದಳು. ಹಿಂದೆ ಅವಳು ಉಸಿರಿಗೆ ಕೂರುತ್ತಿದ್ದ ಜಗಲಿಯ ಮುಂದೆ ನಿಂತು, ಅಲ್ಲಿ ಕೂತಿದ್ದವರಿಗೆ ಏನೋ ಹೇಳಿ ನಕ್ಕು ಮುಂದೆ ಹೋದಳು. ಚಿನಕುರಳಿಯಲ್ಲಿ ಕಂಡಕ್ಟರ್ ವಿಸಲ್ ಬಾಯಿಗಿಟ್ಟು ನನ್ನ ಕಡೆ ನೋಡಿದ. ನಾನು ಏಳಲಿಲ್ಲ. ಅವ್ವನಿಗೆ ಉಬ್ಬಸ ಇರಲೇ ಇಲ್ಲ ಎಂಬುದನ್ನು ಸಂತೋಷವಾಗಿ ಒಪ್ಪಿಕೊಂಡು ಕೂತಿದ್ದೆ. ಬೂಕನಕೆರೆ ದಾಟಿದ ಮೇಲೆ ಮಾತ್ರ, ಗ್ಯಾಸು ಬೇಡವೆಂದು ಹಠ ಹಿಡಿದವನು ನಿಜವಾಗಿ ನಾನೇ ಇರಬಹುದೇನೋ ಎಂಬ ಸಣ್ಣ ಅನುಮಾನ ಶುರುವಾಯಿತು.